ಸಮುದ್ರದ ದಂಡೆಯ ಆಫೀಸು, ಎರೆಹೊಲದ ಲೆಕ್ಕ

2025ರ ಫೆಬ್ರುವರಿಯಲ್ಲಿ ಕಡಲೆ ರಾಶಿ ಮುಗಿಸಿ, ಹೊಟ್ಟು ಬಣವಿ ಒಟ್ಟಿ, ಗೋಕರ್ಣಕ್ಕೆ ಹೋಗಿ ಹನ್ನೊಂದು ದಿನ ಇದ್ದು ಬಂದೆ. ಮಹಾಬಲೇಶ್ವರನ ದರ್ಶನ ಆತು, ಆದರೆ ಹೋದ ಕಾರಣ ಅದಲ್ಲ. ನನ್ನ ಮಗ ಬೆಂಗಳೂರಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿ ನೌಕರಿ ಮಾಡತಾನ. ಆ ವರ್ಷ ಜನವರಿಯಿಂದ ಮಾರ್ಚ್ ತನಕ ಅವನು ಕುಡ್ಲೆ ಬೀಚಿನ ಮೇಲಿನ ದಿಬ್ಬದಲ್ಲಿ ಒಂದು ಕೋಣೆ ಹಿಡಿದು ಅಲ್ಲಿಂದಲೇ ಕೆಲಸ ಮಾಡಿದ. ಬೆಂಗಳೂರಿಗೆ ಹೋಗಲಿಲ್ಲ, ರಜೆಯನ್ನೂ ಹಾಕಲಿಲ್ಲ. ಪಗಾರ ಪೂರ್ತಿ ಬಂತು. ಊರಿನಲ್ಲಿ ಇದನ್ನು ಹೇಳಿದಾಗ ಕಟ್ಟೆಯ ಮೇಲೆ ಕೂತವರು ನಕ್ಕರು. ಅದಕ್ಕೇ ಕಣ್ಣಾರೆ ನೋಡಿಬರೋಣ ಅಂತ ಹೊರಟೆ.

ಒಣ ಬೇಸಾಯದವನಿಗೆ ಇದರ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಮ್ಮದು ರೋಣ ತಾಲ್ಲೂಕಿನ ಎರೆಭೂಮಿ, ಒಂಬತ್ತು ಎಕರೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ, ಅಕ್ಕಡಿಯಲ್ಲಿ ಕುಸುಬಿ. ನನಗೆ ಐವತ್ತಾರು ದಾಟಿತು. ಇನ್ನು ಹತ್ತು ವರ್ಷಕ್ಕೆ ಕೂರಿಗೆ ಹಿಡಿಯುವವರು ಯಾರು? 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ, ರೈತರಲ್ಲದವರೂ ಹೊಲ ಕೊಳ್ಳಬಹುದು ಅಂತಾದ ಮೇಲೆ ನಮ್ಮ ಹೊಲ ಕೇಳಿಕೊಂಡು ಮೂರು ಮಂದಿ ಬಂದುಹೋಗ್ಯಾರ. ಸಮುದ್ರದ ದಂಡೆಯಲ್ಲಿ ಕೂತು ಮಾಡುವ ಕೆಲಸವನ್ನು ನಮ್ಮ ಪಡಸಾಲೆಯಲ್ಲಿ ಕೂತು ಯಾಕೆ ಮಾಡಬಾರದು? ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ ಪ್ರಶ್ನೆ.

ಈ ಪದ್ಧತಿ ದೊಡ್ಡದಾಗಿ ಶುರುವಾದದ್ದು ಕೊರೋನಾದಿಂದ. 2020ರ ಮಾರ್ಚ್ 25ಕ್ಕೆ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಕಂಪನಿಗಳು ಎಲ್ಲರನ್ನೂ ಮನೆಗೆ ಕಳಿಸಿ ಅಲ್ಲಿಂದಲೇ ದುಡಿಸಿಕೊಂಡವು. ಕೆಲಸ ನಿಲ್ಲಲಿಲ್ಲ. ಮನೆಯಿಂದ ಆಗುವುದಾದರೆ ಬೀಚಿನಿಂದಲೂ ಆದೀತು ಅಂತ ಹುಡುಗರು ಗೋವಾ, ಗೋಕರ್ಣ, ಕೇರಳದ ವರ್ಕಲಾ ಅಂತ ಹರಡಿದರು. ಇದರಲ್ಲಿ ಹೊರದೇಶಗಳೂ ವ್ಯಾಪಾರ ಕಂಡವು. ಬಾರ್ಬಡೋಸ್ ಅನ್ನೋ ಸಣ್ಣ ದ್ವೀಪ 2020ರ ಜುಲೈನಲ್ಲೇ, ನಮ್ಮಲ್ಲಿ ಒಂದು ವರ್ಷ ಇದ್ದು ನಿಮ್ಮ ದೇಶದ ಕೆಲಸ ಮಾಡಿಕೊಳ್ಳಿ ಅಂತ ವೀಸಾ ತೆಗೆಯಿತು. ಒಬ್ಬನಿಗೆ ಎರಡು ಸಾವಿರ ಡಾಲರ್ ಶುಲ್ಕ. 2024ರಲ್ಲಿ ಥಾಯ್ಲೆಂಡ್ ಐದು ವರ್ಷದ ವೀಸಾ ಮಾಡಿತು, ಒಮ್ಮೆ ಹೋದರೆ 180 ದಿನ ಇರಬಹುದು. ಮಗನ ಜೊತೆಗಾರ ಒಬ್ಬ ಅಲ್ಲಿಗೇ ಹೋಗ್ಯಾನ. ನಮ್ಮವ ಮಾತ್ರ ಹುಬ್ಬಳ್ಳಿ ಬಸ್ಸು ಹತ್ತಿ, ಅರಬೈಲ್ ಘಟ್ಟ ಇಳಿದು, ಅಂಕೋಲಾದ ಮೇಲೆ ಗೋಕರ್ಣಕ್ಕೆ ಬಂದ. ಖರ್ಚು ಕಡಿಮೆ, ಜೋಳದ ರೊಟ್ಟಿ ಬೇಕಾದರೆ ಊರಿಂದ ಕಳಿಸಬಹುದು.

ದಿನ ಹೆಂಗ ಹೋಗತೈತಿ?

ಚಿತ್ರದಲ್ಲಿ ತೋರಿಸುವಂತೆ ಉಸುಕಿನ ಮೇಲೆ ಚಾಪೆ ಹಾಸಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರೂ ಕೆಲಸ ಮಾಡುವುದಿಲ್ಲ. ಅದು ಫೋಟೋಕ್ಕೆ ಅಷ್ಟೇ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಉಸುಕು ಕೀಲಿಗಳ ಸಂದಿಗೆ ಸೇರತೈತಿ. ಎಲ್ಲರೂ ಕೋಣೆಯ ಒಳಗೆ, ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ. ಸಮುದ್ರ ಕಿವಿಗೆ ಕೇಳತೈತಿ, ಕಣ್ಣಿಗೆ ಸಂಜೆ ಒಂದು ತಾಸು.

ಮಗನ ಕಂಪನಿಯ ಗಿರಾಕಿ ನ್ಯೂಯಾರ್ಕಿನವರು. ಅವರ ಬೆಳಗಿನ ಒಂಬತ್ತು ಅಂದರೆ ಫೆಬ್ರುವರಿಯಲ್ಲಿ ನಮಗೆ ರಾತ್ರಿ ಏಳೂವರೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ತಾಸು ಮುಂದೆ ತಿರುವುತ್ತಾರೆ, ಆಮೇಲೆ ನಮಗೆ ಆರೂವರೆ. ಹೀಗಾಗಿ ಅವನ ಕೆಲಸ ಮಧ್ಯಾಹ್ನ ಶುರುವಾಗಿ ರಾತ್ರಿ ಹತ್ತರ ತನಕ. ನಮ್ಮ ಪಂಪ್‌ಸೆಟ್ಟಿನವರು ರಾತ್ರಿ ಕರೆಂಟಿಗೆ ಕಾಯ್ದು ನೀರು ಹಾಯಿಸಿದ ಹಂಗ. ಆದರೆ ಬೆಳಗಿನ ಆರರಿಂದ ಹನ್ನೊಂದು ಅವನ ಸ್ವಂತ ಹೊತ್ತು. ಇದು ನನಗೆ ಬಹಳ ಮುಖ್ಯ ಅನಿಸಿತು. ಹೊಲದ ಕೆಲಸಕ್ಕೆ ಬೇಕಾದದ್ದು ಅದೇ ಹೊತ್ತು ನೋಡ್ರಿ.

ಕೋಣೆಗೆ ತಿಂಗಳಿಗೆ 18,000 ಬಾಡಿಗೆ. ನಮ್ಮಲ್ಲಿ ಒಂದು ಎಕರೆ ಕಡಲೆ ಆ ವರ್ಷ ಖರ್ಚು ಕಳೆದು ಇಷ್ಟು ಉಳಿಸಲಿಲ್ಲ. ಮೇಜು, ಕುರ್ಚಿ, ಫೈಬರ್ ಇಂಟರ್‌ನೆಟ್, ಕರೆಂಟ್ ಹೋದರೆ ಇನ್ವರ್ಟರ್, ಇಷ್ಟೂ ಅದರಲ್ಲೇ. ಊಟ ಬೇರೆ. ಮಾಲೀಕ ಸ್ಥಳೀಯನೇ. ಮೊದಲು ಇದೇ ಜಾಗದಲ್ಲಿ ಮಣ್ಣಿನ ಗೋಡೆ, ಸೋಗೆಯ ಗುಡಿಸಲು ಹಾಕಿ ಪರದೇಶಿಗಳಿಗೆ ಕೊಡುತ್ತಿದ್ದನಂತೆ. ಅವರಿಗೆ ಒಂದು ಚಾಪೆ, ಒಂದು ಬಲ್ಬು ಸಾಕಿತ್ತು, ಈಗಿನ ಹುಡುಗರು ಬಂದವರೇ ಮೊದಲು ನೆಟ್ ಎಷ್ಟು ಓಡತೈತಿ ಅಂತ ಅಳೆಯುತ್ತಾರೆ, ಆಮೇಲೆ ಸಂಡಾಸು ನೋಡುತ್ತಾರೆ ಅಂದ. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಕಾಲುದಾರಿ ಇಲ್ಲಾ ದೋಣಿಯೇ ಗತಿ. ಅಲ್ಲಿ ತಿರುಗಾಡಿ ಬರಬಹುದೇ ಹೊರತು ಕೂತು ದುಡಿಯಲಾಗದು.

ಉಪ್ಪುಗಾಳಿಯ ಕಾಟ ನಮ್ಮ ಕಡೆಯವರಿಗೆ ಗೊತ್ತಿಲ್ಲ. ಫ್ಯಾನಿನ ತಿರುಪು, ಬಾಗಿಲ ಕೊಂಡಿ, ಬೈಕಿನ ಚೈನು ಎಲ್ಲಕ್ಕೂ ತುಕ್ಕು. ಲ್ಯಾಪ್‌ಟಾಪಿನ ತಂತಿ ಸಿಗಿಸುವ ಬಾಯಿ ಹಸಿರುಗಟ್ಟಿತ್ತು. ರಾತ್ರಿ ಅದನ್ನು ಅಕ್ಕಿ ಡಬ್ಬಿಯ ಪಕ್ಕ ಚೀಲದಲ್ಲಿ ಕಟ್ಟಿ ಇಡುತ್ತಿದ್ದ. ಜೂನ್ ಬಂತೆಂದರೆ ಇದೆಲ್ಲ ಬಂದ್. ನಮಗೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ, ಅದೂ ಆದರೆ ಆತು. ಅಲ್ಲಿ ಮೂರು ಸಾವಿರ ಮೀರತೈತಿ. ಗಾಳಿಗೆ ಕಂಬ ಬೀಳತಾವ, ಬೀಚಿನ ಶೆಡ್ಡು ಬಿಚ್ಚಿ ಇಡತಾರ. ಹಂಗಾಗಿ ಸಮುದ್ರದ ದಂಡೆಯ ಆಫೀಸು ಅನ್ನೋದು ಏಳೆಂಟು ತಿಂಗಳ ಬೆಳೆ.

ಉಸುಕಿನಾಗ ಸಿಹಿನೀರು

ಮಗ ಕೆಲಸಕ್ಕೆ ಕೂತ ಮೇಲೆ ನಾನು ತಿರುಗಾಡುತ್ತಿದ್ದೆ. ಬೀಚಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾಲಕ್ಕಿ ಒಕ್ಕಲಿಗರ ಕಾಯಿಪಲ್ಲೆ ಪಟ್ಟಿಗಳು. ಸಮುದ್ರದ ಅಲೆ ಕೇಳುವಷ್ಟು ಹತ್ತಿರ, ಬರೇ ಉಸುಕು ಮಣ್ಣಿನಲ್ಲಿ ಹರಿವೆ, ಮೂಲಂಗಿ, ಬದನೆ, ಬೆಂಡೆ. ನಾಲ್ಕಾಳು ಆಳವೂ ಇಲ್ಲದ ಬಾವಿ, ಎರಡೂ ಕೈಯಲ್ಲಿ ಕೊಡ ಹಿಡಿದು ಹೆಣ್ಣುಮಕ್ಕಳು ಮಡಿಗೆ ನೀರು ಚಿಮುಕಿಸುತ್ತಿದ್ದರು. ಬಾವಿಯ ನೀರು ಕುಡಿದು ನೋಡಿದೆ, ಸಿಹಿ. ಇಷ್ಟು ಹತ್ತಿರ ಸಮುದ್ರ ಇಟ್ಟುಕೊಂಡು ಇದು ಹೆಂಗ ಅಂತ ಅಲ್ಲೇ ಇದ್ದ ಒಬ್ಬ ನಿವೃತ್ತ ಶಿಕ್ಷಕರನ್ನು ಕೇಳಿದೆ. ಅವರು ಬಿಡಿಸಿ ಹೇಳಿದರು.

ಸಿಹಿನೀರು ಹಗುರ, ಉಪ್ಪುನೀರು ಭಾರ. ಮಳೆಗಾಲದಲ್ಲಿ ಇಂಗಿದ ಸಿಹಿನೀರು ನೆಲದ ಒಳಗೆ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರತೈತಿ, ಮಜ್ಜಿಗೆಯ ಮೇಲೆ ಬೆಣ್ಣೆ ನಿಂತ ಹಂಗ. ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ಇದ್ದರೆ, ಅದರ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರೇ ಇರತೈತಿ. ಅದೇ ಲೆಕ್ಕ ತಿರುಗಿಸಿದರೆ ಎದೆ ಝಲ್ ಅನ್ನತೈತಿ. ಮೋಟರ್ ಹಚ್ಚಿ ಆ ಮಟ್ಟ ಒಂದು ಅಡಿ ಇಳಿಸಿಟ್ಟರೆ, ಕಾಲಕ್ರಮದಲ್ಲಿ ತಳದಿಂದ ಉಪ್ಪುನೀರು ನಲವತ್ತು ಅಡಿ ಮೇಲೆ ಬರತೈತಿ. ಕೊಡದಲ್ಲಿ ಎತ್ತಿದರೆ ಬಾವಿ ತಾಳತೈತಿ. ಹತ್ತು ಕೋಣೆಗೆ ಹತ್ತು ಶವರು, ತೊಳೆಯುವ ಮಷೀನು ಹಚ್ಚಿ ಎಳೆದರೆ ತಾಳುವುದಿಲ್ಲ. ಒಮ್ಮೆ ಉಪ್ಪು ಹತ್ತಿದ ಬಾವಿ ತಿಳಿಯಾಗಲು ಎಷ್ಟೋ ಮಳೆಗಾಲ ಬೇಕು. ನಮ್ಮ ಕಡೆ ಬೋರ್ ಬತ್ತಿದರೆ ಇನ್ನೊಂದು ಕೊರೆಸುತ್ತೇವೆ. ಅಲ್ಲಿ ಕೊರೆಸಿದರೆ ಉಪ್ಪಿಗೆ ಇನ್ನೂ ಹತ್ತಿರ ಹೋದಂಗ.

ಪಟ್ಟಿಯ ಒಬ್ಬ ಮುದುಕಿ ತನ್ನ ಬಾವಿ ಎರಡು ಬೇಸಿಗೆಯಿಂದ ಏಪ್ರಿಲ್‌ಗೆ ಚಪ್ಪೆ ಉಪ್ಪು ಆಗತೈತಿ, ಹರಿವೆಯ ಎಲೆಯ ಅಂಚು ಸುಡತೈತಿ ಅಂದಳು. ಪಕ್ಕದ ಪಟ್ಟಿಯವರು ಜಾಗವನ್ನು ಕೋಣೆ ಕಟ್ಟಲು ಕೊಟ್ಟಾರಂತೆ. ಕೊಟ್ಟವರನ್ನೂ ನಾನು ಬೈಯಲಾರೆ. ಒಂದು ಕಟ್ಟು ಸೊಪ್ಪಿಗೆ ಹತ್ತು ರೂಪಾಯಿ, ಒಂದು ಕೋಣೆಗೆ ತಿಂಗಳಿಗೆ ಹದಿನೆಂಟು ಸಾವಿರ. ತಕ್ಕಡಿ ಯಾವ ಕಡೆ ಬೀಳತೈತಿ ಅಂತ ಕೇಳಬೇಕೇನು? ದಂಡೆಗೆ ಹತ್ತಿ ಕಟ್ಟಬಾರದು ಅಂತ 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮ ಐತಿ. ದಂಡೆಯ ಹತ್ತಿರ ನೆಲದೊಳಗಿನ ನೀರು ಎತ್ತುವುದಕ್ಕೂ ಅದರಲ್ಲಿ ನಿರ್ಬಂಧ ಐತಿ.

ಹೀಗೆ ಆಗಿರುವುದು ಗೋಕರ್ಣ ಒಂದರಲ್ಲೇ ಅಲ್ಲ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಭತ್ತದ ರೈತರು ನೂರಾರು ವರ್ಷದಿಂದ ಗುಡಿಗಳ ಸುತ್ತ ಸಂಘ ಕಟ್ಟಿಕೊಂಡು ಸರದಿಯ ಮೇಲೆ ನೀರು ಹಂಚಿಕೊಳ್ಳುತ್ತಾರೆ, ಸುಬಾಕ್ ಅಂತ ಅದರ ಹೆಸರು. 2012ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆ ಅಂತ ಪಟ್ಟಿಗೆ ಸೇರಿಸಿತು. ಈಗ ಅದೇ ದ್ವೀಪದ ಗದ್ದೆಗಳಲ್ಲಿ ಲ್ಯಾಪ್‌ಟಾಪಿನವರಿಗಾಗಿ ಬಂಗಲೆ ಏಳುತ್ತಾ ಬಂದಾವ. ಗದ್ದೆಯ ನೋಟಕ್ಕೆ ಅಂತ ಬಂದವರಿಗೆ ಗದ್ದೆಯ ಮೇಲೇ ಮನೆ.

ಸಾಣಿಕಟ್ಟೆಯ ಉಪ್ಪಿನ ಮಡಿಗಳನ್ನೂ, ಅಘನಾಶಿನಿ ಕೊಲ್ಲಿಯ ಗಜನಿ ಗದ್ದೆಗಳನ್ನೂ ನೋಡಿಬಂದೆ. ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ತಾಳತೈತಿ, ನೆರೆಯಲ್ಲಿ ಮುಳುಗಿ ಮತ್ತೆ ಏಳತೈತಿ, ಗೊಬ್ಬರ ಕೇಳುವುದಿಲ್ಲ. ಅದರ ಬಗ್ಗೆ ಬರೆಯುವುದು ಬಹಳ ಐತಿ, ಇನ್ನೊಮ್ಮೆ ನೋಡೋಣ.

ನಮ್ಮ ಪಡಸಾಲೆಯಲ್ಲಿ

ಊರಿಗೆ ಬಂದವನೇ ಹಾಳೆ ತಗೊಂಡು ಬರೆದೆ. ಗೋಕರ್ಣದ ಕೋಣೆಯಲ್ಲಿ ಇರುವುದು ಏನು, ನಮ್ಮಲ್ಲಿ ಇಲ್ಲದ್ದು ಏನು? ಸಮುದ್ರ ಬಿಟ್ಟರೆ ಎರಡೇ. ತುಂಡಾಗದ ಇಂಟರ್‌ನೆಟ್, ಹೋಗದ ಕರೆಂಟು.

ಕರೆಂಟಿನ ಲೆಕ್ಕ ಸುಲಭ. ಲ್ಯಾಪ್‌ಟಾಪಿಗೆ 60 ವ್ಯಾಟು, ಇಂಟರ್‌ನೆಟ್ ಡಬ್ಬಿಗೆ 12, ಹೊಸ ನಮೂನೆಯ ಬಿಎಲ್‌ಡಿಸಿ ಫ್ಯಾನಿಗೆ 30. ಒಟ್ಟು ನೂರು ಹಿಡಿಯಿರಿ. ಹನ್ನೆರಡು ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇರತೈತಿ. ಪೂರ್ತಿ ಬಸಿದರೆ ಬ್ಯಾಟರಿ ಬೇಗ ಸಾಯತೈತಿ, ಅರ್ಧಕ್ಕಿಂತ ತುಸು ಹೆಚ್ಚು ಬಳಸಿದರೆ ಎಂಟೊಂಬತ್ತು ತಾಸು ನಡೀತೈತಿ. ನಮ್ಮಲ್ಲಿ ಅಷ್ಟು ಹೊತ್ತು ಒಟ್ಟಿಗೆ ಕರೆಂಟ್ ಹೋಗುವುದು ಮಳೆಗಾಳಿಯ ದಿನ ಮಾತ್ರ. ಇನ್ವರ್ಟರ್, ಬ್ಯಾಟರಿ ಕೂಡಿ ನನಗೆ 24,000 ಬಿತ್ತು. ಮನೆಯ ಬಳಕೆಗೂ ಆತು.

ಇಂಟರ್‌ನೆಟ್ಟಿನದು ಕಷ್ಟ. ಮೊಬೈಲಿನದು ಸಾಲುವುದಿಲ್ಲ. ಮುಖ ನೋಡಿ ಮಾತಾಡುವ ಸಭೆ ಒಂದು ತಾಸಿಗೆ ಒಂದು ಜಿಬಿಯಷ್ಟು ತಿನ್ನತೈತಿ, ದಿನಕ್ಕೆ ಎರಡು ಜಿಬಿಯ ಪ್ಯಾಕು ಮಧ್ಯಾಹ್ನಕ್ಕೇ ಖಾಲಿ. ಗ್ರಾಮ ಪಂಚಾಯತಿಗಳಿಗೆ ಫೈಬರ್ ಎಳೆಯಬೇಕು ಅಂತ ಕೇಂದ್ರ ಸರ್ಕಾರ 2011ರಲ್ಲೇ ಯೋಜನೆ ಮಾಡಿತ್ತು, ಭಾರತ್‌ನೆಟ್ ಅಂತ ಕರೀತಾರಲ್ಲ ಅದು. ನಮ್ಮ ಪಂಚಾಯತಿಯ ಗೋಡೆಗೆ ಡಬ್ಬಿ ಬಂದು ಕೂತು ವರ್ಷಗಳಾಗಿದ್ದವು. ಅಲ್ಲಿಂದ ನಮ್ಮ ಮನೆಗೆ ಒಂದು ಕಿಲೋಮೀಟರಿಗಿಂತ ಕಡಿಮೆ. ಆ ಒಂದು ಕಿಲೋಮೀಟರ್ ದಾಟಿಸಲು ನಾಲ್ಕು ತಿಂಗಳು ಹಿಡಿಯಿತು. ಅರ್ಜಿ ಕೊಟ್ಟ ಕಡೆ ಒಂದು ಮನೆಗಾಗಿ ತಂತಿ ಎಳೆಯುವುದಿಲ್ಲ ಅಂದರು. ಆಗ ಓಣಿಯಲ್ಲಿ ತಿರುಗಿ ಒಂಬತ್ತು ಮನೆಯವರನ್ನು ಒಪ್ಪಿಸಿದೆ. ಇಬ್ಬರು ಶಾಲೆ ಮಾಸ್ತರರು, ಕಿರಾಣಿ ಅಂಗಡಿಯವ, ಟ್ರ್ಯಾಕ್ಟರಿನ ಬಿಡಿಭಾಗ ಮಾರುವವ, ಹೀಗೆ. ಪಟ್ಟಣದ ಕೇಬಲ್ಲಿನವನು ಜುಲೈನಲ್ಲಿ ಬಂದು ಎಳೆದುಕೊಟ್ಟ. ಮನೆಗೆ 1,500 ಮುಂಗಡ, ತಿಂಗಳಿಗೆ 500ರ ಮೇಲೆ ತೆರಿಗೆ. ಬೇರೆಯವರು ಎಳೆಸುವುದಾದರೆ ಒಂದು ಮಾತು: ಮರದ ಟೊಂಗೆಗೆ ಕಟ್ಟಲು ಬಿಡಬೇಡಿ. ನಮ್ಮಲ್ಲಿ ಮಂಗ ಜೋತಾಡಿ ಎರಡು ಸಲ ತುಂಡು ಮಾಡ್ಯಾವ.

ಅಕ್ಟೋಬರಿನಲ್ಲಿ ಬನ್ನಿಹಬ್ಬಕ್ಕೆ ಬಂದ ಮಗ ಇಪ್ಪತ್ನಾಲ್ಕು ದಿನ ಉಳಿದ. ಬೆಳಗ್ಗೆ ಆರಕ್ಕೆ ನನ್ನ ಜೊತೆ ಹೊಲಕ್ಕೆ, ಹನ್ನೊಂದಕ್ಕೆ ಮನೆಗೆ, ಊಟ ಮಾಡಿ ಪಡಸಾಲೆಯ ಕೋಣೆಯಲ್ಲಿ ಆಫೀಸು. ನಾಲ್ಕೂವರೆ ಎಕರೆ ಕಡಲೆ ಬಿತ್ತನೆ ಅವನ ಕೈಯಲ್ಲೇ ಆತು. ಕೂರಿಗೆಯ ಸಾಲು ತುಸು ಸೊಟ್ಟ, ಇರಲಿ, ಹುಟ್ಟಿದ ಮೇಲೆ ಯಾರು ನೋಡತಾರ. ಕೆಲಸ ಒಂದೇ ದಿನ ತಪ್ಪಿತು, ಅದೂ ಮಂಗನ ಕೃಪೆ.

ತಂತಿಗಿಂತ ದೊಡ್ಡ ಅಡಚಣೆ ಜನ. ಗೋಕರ್ಣದಲ್ಲಿ ಅವನನ್ನು ಯಾರೂ ಮಾತಾಡಿಸುವವರಿಲ್ಲ. ಊರಿನಲ್ಲಿ ಮನೆಯಲ್ಲಿ ಇದ್ದಾನೆ ಅಂದರೆ ಖಾಲಿ ಇದ್ದಾನೆ ಅಂತಲೇ ಅರ್ಥ. ಪಹಣಿ ತೆಗೆದುಕೊಡು, ಗಾಡಿಯಲ್ಲಿ ಗದಗಕ್ಕೆ ಬಿಟ್ಟು ಬಾ, ನನ್ನ ಮೊಬೈಲ್ ನೋಡು. ನಾಲ್ಕನೇ ದಿನ ಅವನ ತಾಯಿ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕಾಳು ಹಸನ ಮಾಡುತ್ತಾ ಕೂತಳು. ಆಮೇಲೆ ಒಬ್ಬರೂ ಒಳಗೆ ಹೋಗಲಿಲ್ಲ. ಕೆಲಸ ಇಲ್ಲದೆ ಊರಿಗೆ ಬಂದಾನ ಅನ್ನೋ ಗುಸುಗುಸು ಮಾತ್ರ ನಿಲ್ಲಲಿಲ್ಲ, ಆ ಮಾತಿಗೆ ಸೊಸೆ ನೊಂದುಕೊಂಡಳು. ಅವಳಿಗೆ ಬೆಂಗಳೂರಿನಲ್ಲೇ ಶಾಲೆಯ ನೌಕರಿ. ಅದು ತಂತಿಯಲ್ಲಿ ಬರುವ ಕೆಲಸವಲ್ಲ.

ಕಂಪನಿಯವರು ಈಗ ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು ಅಂತ ಕಾಗದ ಕಳಿಸ್ಯಾರ. ವರ್ಷಕ್ಕೆ ಅರವತ್ತು ದಿನ ಮಾತ್ರ ಹೊರಗಿನಿಂದ ಮಾಡಬಹುದಂತೆ. ಅರವತ್ತನ್ನು ಹೆಂಗ ಹಂಚಬೇಕು ಅಂತ ಫೋನಿನಲ್ಲಿ ಮಾತಾಡಿದೆವು. ಹೆಸರು ಬಿತ್ತನೆಗೆ ಹತ್ತು, ಅದರ ಬಿಡಿಸುವಿಕೆಗೆ ಹನ್ನೆರಡು, ಹಿಂಗಾರಿ ಬಿತ್ತನೆಗೆ ಇಪ್ಪತ್ತು, ರಾಶಿಗೆ ಹದಿನೈದು. ಮೂರು ದಿನ ಉಳಿದವು. ಅವು ಗೋಕರ್ಣಕ್ಕೆ ಅಂದ. ಹೊಲ ಕೇಳಿಕೊಂಡು ಬಂದಿದ್ದ ಮೂವರಿಗೂ ಈ ವರ್ಷ ಕೊಡುವುದಿಲ್ಲ ಅಂತ ಹೇಳಿ ಕಳಿಸೇನಿ.