ಬಾವನ್ ಬಂಡೆ ಕೋಟೆ: ಗುಡ್ಡವೇ ಆಯುಧಶಾಲೆ

ಬಾದಾಮಿಗೆ ಬಂದವರಲ್ಲಿ ಹೆಚ್ಚಿನವರು ನಾಲ್ಕು ಗುಹೆಗಳನ್ನು ನೋಡಿ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು ಬನಶಂಕರಿಗೆ ಹೊರಡುತ್ತಾರೆ. ಹೊಂಡದ ಉತ್ತರಕ್ಕಿರುವ ಗುಡ್ಡವನ್ನೂ ಹತ್ತಬೇಕು. ಅದು ಬಾವನ್ ಬಂಡೆ ಕೋಟೆ. ಗುಹೆಗಳ ನೆತ್ತಿಯ ಮೇಲಿರುವುದು ರಣಮಂಡಲ. ಈ ಎರಡು ಕೋಟೆಗಳ ನಡುವಿನ ತಗ್ಗಿನಲ್ಲಿ ಊರಿದೆ.

ಉತ್ತರದ ಕೋಟೆಯ ದಾರಿ ಬಂಡೆ ಸೀಳಿನೊಳಗೆ ಸಾಗುತ್ತದೆ. ಎರಡೂ ಕಡೆ ಕೆಂಪು ಮರಳುಗಲ್ಲಿನ ಗೋಡೆ, ಮೇಲೆ ಕಿರಿದಾದ ಆಕಾಶ. ಎಷ್ಟೇ ದೊಡ್ಡ ದಂಡು ಬಂದರೂ ಇಲ್ಲಿ ಸಾಲುಗಟ್ಟಿಯೇ ನಡೆಯಬೇಕು. ಮೇಲೆ ಕಾವಲು ಬುರುಜು, ಖಜಾನೆಯ ಕಟ್ಟಡ, ದಪ್ಪ ಗೋಡೆಯ ಕಣಜಗಳಿವೆ. ನಮ್ಮ ಸೀಮೆಯ ರೈತರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಂಡೆಯ ಮೇಲೆ ಹಗೇವು ತೋಡುವುದು ಕಷ್ಟ, ಹಾಗಾಗಿ ಇಲ್ಲಿ ಕಣಜ ನೆಲದ ಮೇಲೆದ್ದಿದೆ. ಕಾಳು ಮತ್ತು ಕೋವಿಮದ್ದು, ಎರಡಕ್ಕೂ ತೇವವೇ ಶತ್ರು. ದಪ್ಪ ಗೋಡೆ, ಕಡಿಮೆ ಕಿಂಡಿ, ನೀರು ನಿಲ್ಲದ ಎತ್ತರ ಬೇಕಾದದ್ದು ಅದಕ್ಕೇ.

ಆದರೆ ಈ ಕೋಟೆಯ ದೊಡ್ಡ ಆಯುಧ ಯಾವ ಕೋಣೆಯಲ್ಲೂ ಇರಲಿಲ್ಲ. 1786ರ ಮೇ ತಿಂಗಳಲ್ಲಿ ಪೇಶ್ವೆ ಮತ್ತು ನಿಜಾಮರ ಸೇನೆಗಳು ಕೂಡಿ ಬಾದಾಮಿಗೆ ಮುತ್ತಿಗೆ ಹಾಕಿದವು. ದಂಡಿನೊಡನೆ ಪೇಶ್ವೆಯ ಮಂತ್ರಿ ನಾನಾ ಫಡ್ನವೀಸರೇ ಇದ್ದರು. ಕೆಳಗಿನ ಊರಗೋಡೆ ಕೈಬಿಟ್ಟಾಗ ಕೋಟೆ ಕಾಯುತ್ತಿದ್ದ ಟಿಪ್ಪು ಸುಲ್ತಾನನ ಸೈನಿಕರು ಗುಡ್ಡ ಹತ್ತಿದರು. ಬಂದೂಕು ಹಾರಿಸುತ್ತಲೇ, ಮೊದಲೇ ಸಿದ್ಧಮಾಡಿಟ್ಟಿದ್ದ ಬಂಡೆಗಳನ್ನು ಉರುಳಿಸಿದರು. ಕಡೆಗೆ ಜೀವದಾನದ ಮಾತು ಪಡೆದು ಶರಣಾದರು. 1818ರಲ್ಲಿ ಕಂಪನಿಯ ಸೇನಾನಿ ಥಾಮಸ್ ಮನ್ರೊ ದಂಡೆತ್ತಿ ಬಂದಾಗ ಕೋಟೆ ಇಂಗ್ಲಿಷರ ವಶವಾಯಿತು.

ನನ್ನನ್ನು ಈ ಗುಡ್ಡಕ್ಕೆ ಎಳೆದು ತಂದದ್ದು ನರಸಪ್ಪ ಎಂಬ ಬಂಡಾಯಗಾರನ ಕಥೆ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಸಾತಾರಾದ ಪ್ರತಾಪಸಿಂಹ ಮಹಾರಾಜರನ್ನು ಇಂಗ್ಲಿಷರು 1839ರಲ್ಲಿ ಗದ್ದುಗೆಯಿಂದ ಇಳಿಸಿ ಕಾಶಿಗೆ ಕಳುಹಿಸಿದ್ದರು. ಅದಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ, ನಿಜಾಮರ ಸೀಮೆಯಿಂದ ನೂರಿಪ್ಪತ್ತೈದು ಅರಬ್ ಸಿಪಾಯಿಗಳನ್ನು ಕಟ್ಟಿಕೊಂಡು ಈ ಕುರುಡ ಬ್ರಾಹ್ಮಣ ಬಾದಾಮಿಗೆ ನುಗ್ಗಿದ. ಸರ್ಕಾರಿ ಖಜಾನೆ ಅವನ ಕೈಸೇರಿತು. ಸಾತಾರಾ ಛತ್ರಪತಿಯ ಹೆಸರಲ್ಲಿ ಆಳ್ವಿಕೆ ಸಾರಿದ. ಕೆಲವೇ ದಿನಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಬಂದು ಅವನನ್ನು ಹಿಡಿಯಿತು, ಜೀವಾವಧಿ ಶಿಕ್ಷೆಯಾಯಿತು. ಕಣ್ಣಿದ್ದವರೇ ತಡವರಿಸುವ ಈ ಏರುದಾರಿಯನ್ನು ನೆನೆದಾಗ, ಕತ್ತಲಲ್ಲಿದ್ದವನೊಬ್ಬ ನೂರಕ್ಕೂ ಹೆಚ್ಚು ಜನರಿಗೆ ದಿಕ್ಕು ತೋರಿಸಿದ್ದು ಎಂಥ ಗಟ್ಟಿತನ ಅನ್ನಿಸುತ್ತದೆ. 1857ಕ್ಕಿಂತ ಹದಿನೈದು ವರ್ಷಕ್ಕೂ ಹಿಂದಿನ ಮಾತಿದು.

ಹಳೆಯ ಇತಿಹಾಸ ಬಹುಜನರಿಗೆ ಗೊತ್ತಿದ್ದದ್ದೇ. ಚಾಲುಕ್ಯ ದೊರೆ ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದನ್ನು ಬಂಡೆಯ ಮೇಲಿನ ಶಕ 465ರ, ಅಂದರೆ ಕ್ರಿ.ಶ. 543ರ ಶಾಸನ ಹೇಳುತ್ತದೆ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಊರನ್ನು ಗೆದ್ದ.

ನರಸಪ್ಪನಂತೆ ಇಂಗ್ಲಿಷರಿಗೆ ಎದುರು ನಿಂತ ಇದೇ ಜಿಲ್ಲೆಯ ಹಲಗಲಿಗೆ ಕೋಟೆಯ ಆಸರೆ ಇರಲಿಲ್ಲ. ಅಲ್ಲಿ ಬೇಡರ ಮನೆ ಮನೆಯೂ ಆಯುಧಶಾಲೆ. 1857ರಲ್ಲಿ ಹತಾರಗಳನ್ನು ಒಪ್ಪಿಸಿ ಎಂದು ಇಂಗ್ಲಿಷರು ಹೇಳಿದಾಗ ಅವರು ಒಪ್ಪಲಿಲ್ಲ. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಅವರ ಕಥೆಯನ್ನು ಲಾವಣಿ ಕಾಪಾಡಿತು. ನರಸಪ್ಪನಿಗೂ ಅಂಥ ಹಾಡುಗಾರರು ಬೇಕಿತ್ತು.

ಇಂದು ಈ ಗುಡ್ಡ ಜನರದ್ದು. ಬುಡದಲ್ಲಿ ಪುರಾತತ್ವ ಇಲಾಖೆ 1979ರಲ್ಲಿ ಶಿಲ್ಪಗಳನ್ನಿಡಲು ಆರಂಭಿಸಿದ ಜಾಗ 1982ರಲ್ಲಿ ವಸ್ತುಸಂಗ್ರಹಾಲಯವಾಯಿತು. ನಾಗನಾಥಕೊಳ್ಳದ ಲಜ್ಜಾಗೌರಿ ಅಲ್ಲಿದ್ದಾಳೆ. ಶಾಲೆಯ ಮಕ್ಕಳು ಶಿವಾಲಯಗಳವರೆಗೆ ಏರುತ್ತಾರೆ. ಬಾದಾಮಿಯ ಬಂಡೆ ಹತ್ತಲು ದೂರದೂರದಿಂದ ಹುಡುಗ ಹುಡುಗಿಯರು ಹಗ್ಗ ಹೊತ್ತು ಬರುತ್ತಾರೆ. ಕೆಳಗೆ ಹೊಂಡದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ.

ಶಾಲೆಯ ಪ್ರವಾಸದಲ್ಲಿ ಗುಹೆಗಳಿಗೆ ಕೊಡುವ ಸಮಯದಲ್ಲಿ ಒಂದು ತಾಸನ್ನು ಈ ಕೋಟೆಗೆ ಕೊಡಬಾರದೇ? ಕಣಜದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಉರುಳಿದ ಬಂಡೆಗಳ ಕಥೆ, ನರಸಪ್ಪನ ಕಥೆ ಹೇಳಿದರೆ ಸಾಕು. ರಾಜರ ಹೆಸರನ್ನು ಬಂಡೆಯೇ ಹೊತ್ತು ನಿಂತಿದೆ. ನರಸಪ್ಪನಂಥವರ ಹೆಸರು ಉಳಿಯಬೇಕಾದರೆ ನಾವೇ ಬಾಯಿ ತೆರೆದು ಹೇಳಬೇಕು.