41 ಅಲ್ಲ, 41.666

24 ಮೆಗಾಹರ್ಟ್ಸ್ ಗಡಿಯಾರದ ಒಂದು ಬಡಿತಕ್ಕೆ ಎಷ್ಟು ಹೊತ್ತು? 41.666 ನ್ಯಾನೋಸೆಕೆಂಡ್, ಆ 6ಗಳಿಗೆ ಕೊನೆಯೇ ಇಲ್ಲ. ಕೋಡ್‌ನಲ್ಲಿ ಅದನ್ನು ಬರೀ 41 ಅಂತ ಇಟ್ಟರೆ, ಎಮ್ಯುಲೇಟರ್ (ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್) ಒಳಗಿನ ಟೈಮರ್ ದಿನಕ್ಕೆ ಸುಮಾರು 23 ನಿಮಿಷ ಮುಂದೆ ಓಡುತ್ತದೆ! ಅದಕ್ಕೇ ಕ್ಯೂಎಮು (QEMU) ಎಂಬ ಎಮ್ಯುಲೇಟರ್ ಒಂದು ನ್ಯಾನೋಸೆಕೆಂಡನ್ನೂ 2ರ 32ನೇ ಘಾತದಷ್ಟು ಚೂರು ಮಾಡಿ, ಬಡಿತದ ಅವಧಿಯನ್ನು 64 ಬಿಟ್‌ನಲ್ಲಿ ಇಡುತ್ತದೆ.

ಅಲ್ಲಿ ಅವಧಿ ಸೊನ್ನೆ ಅಂದರೆ ಗಡಿಯಾರ ನಿಂತಿದೆ ಎಂದರ್ಥ. ಎಡವುವುದು ಇಲ್ಲೇ. ವೇಗ ಲೆಕ್ಕ ಹಾಕಲು ಆ ಸೊನ್ನೆಯಿಂದ ಭಾಗಿಸಿದರೆ ಎಮ್ಯುಲೇಟರೇ ಕುಸಿದು ಬೀಳಬಹುದು.

ಮೂಲ ಗಡಿಯಾರದ ವೇಗ ಬದಲಾದಾಗ, ಅದನ್ನೇ ನಂಬಿದ ಸೀರಿಯಲ್ ಪೋರ್ಟ್, ಟೈಮರ್‌ಗಳಿಗೂ ಸುದ್ದಿ ಮುಟ್ಟಬೇಕು.

ಇಂಥ ಕೋಡ್ ಪರಿಶೀಲನೆಗೆ ಕೂತಾಗ, ಮೊದಲು ಸೊನ್ನೆ ಬಂದರೆ ಏನಾಗುತ್ತದೆ ಅಂತ ನೋಡಿ. ಉಳಿದದ್ದು ಆಮೇಲೆ.