ಯಂತ್ರದ ಕೋಡಿ

ಕೆರೆಯನ್ನು ಕಟ್ಟುವವರು ಏರಿಯ ಎತ್ತರವನ್ನಷ್ಟೇ ಅಲ್ಲ, ಕೋಡಿಯ ಅಗಲವನ್ನೂ ಲೆಕ್ಕ ಹಾಕುತ್ತಾರೆ. ತೂಬಿನ ನೀರು ಗದ್ದೆಯನ್ನು ಬೆಳೆಸುತ್ತದೆ. ಕೋಡಿಯ ನೀರು ಏರಿಯನ್ನು ಉಳಿಸುತ್ತದೆ. ಕೋಡಿ ಕಿರಿದಾದರೆ ಒಂದೇ ಮಳೆಗೆ ಏರಿ ಒಡೆದೀತು. ಟರ್ಬೋಚಾರ್ಜರ್ ಅಳವಡಿಸಿದ ಎಂಜಿನ್ನಿಗೂ ಇಂಥದೇ ಒಂದು ಕೋಡಿ ಉಂಟು. ಅದಕ್ಕೆ ವೇಸ್ಟ್‌ಗೇಟ್ ಎಂದು ಹೆಸರು.

ಎಂಜಿನ್ನಿನಲ್ಲಿ ಉರಿದ ಇಂಧನದ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಇದನ್ನು ದುಡಿಸಿಕೊಳ್ಳುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದನು. ಹೊರಹೋಗುವ ಬಿಸಿ ಅನಿಲವು ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನವನ್ನು ಉರಿಸಬಹುದು. 1925ರ ಸುಮಾರಿಗೆ ಹತ್ತು ಸಿಲಿಂಡರುಗಳ ಡೀಸೆಲ್ ಎಂಜಿನ್ನಿನ ಬಲವು ಈ ಉಪಾಯದಿಂದ 1750 ಅಶ್ವಶಕ್ತಿಯಿಂದ 2500ಕ್ಕೆ ಏರಿತು.

ಈ ಗುಣದಲ್ಲಿಯೇ ದೋಷವೂ ಅಡಗಿದೆ. ಗಾಳಿ ಹೆಚ್ಚಿದರೆ ಹೊರಬೀಳುವ ಅನಿಲ ಹೆಚ್ಚುತ್ತದೆ. ಅನಿಲ ಹೆಚ್ಚಿದರೆ ಟರ್ಬೈನಿನ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದರೆ ಗಾಳಿಯ ಒತ್ತಡ ಮತ್ತಷ್ಟು ಏರುತ್ತದೆ. ತಡೆಯುವವರಿಲ್ಲದಿದ್ದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವು ಕ್ರಮವಾಗಿ ಉರಿಯದೆ ಸಿಡಿಯತೊಡಗುತ್ತದೆ, ಪಿಸ್ಟನ್ ಕರಗಿಹೋಗಲೂಬಹುದು. ಆದುದರಿಂದ ಒತ್ತಡವು ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ಸ್ಪ್ರಿಂಗಿನ ಬಲವನ್ನು ಮೀರಿ ವೇಸ್ಟ್‌ಗೇಟಿನ ಕವಾಟ ತೆರೆಯುತ್ತದೆ. ಅನಿಲದ ಒಂದು ಭಾಗ ಟರ್ಬೈನನ್ನು ಮುಟ್ಟದೆ ಪಕ್ಕದ ದಾರಿಯಿಂದ ಹೊರಗೆ ಸಾಗುತ್ತದೆ.

ಈ ಕವಾಟ ಎಷ್ಟು ದೊಡ್ಡದಿರಬೇಕು? ಹೆಚ್ಚು ಒತ್ತಡಕ್ಕೆ ದೊಡ್ಡ ಕವಾಟ ಬೇಕೆಂದು ಮೊದಲ ನೋಟಕ್ಕೆ ತೋರುತ್ತದೆ. ನಿಜವು ಇದಕ್ಕೆ ವಿರುದ್ಧ. ಎಂಜಿನ್ನಿನಿಂದ ನೂರು ಪಾಲು ಅನಿಲ ಹೊರಡುತ್ತದೆಯೆಂದು ಭಾವಿಸೋಣ. ಅಲ್ಪ ಒತ್ತಡ ಸಾಕೆಂದಾಗ ಟರ್ಬೈನಿಗೆ ಅರವತ್ತು ಪಾಲು ಸಾಕು. ಉಳಿದ ನಲವತ್ತು ಪಾಲಿಗೆ ಕವಾಟವೇ ದಾರಿ ಕೊಡಬೇಕು. ಹೆಚ್ಚು ಒತ್ತಡ ಬೇಕಾದಾಗ ಟರ್ಬೈನಿಗೇ ಎಂಬತ್ತು ಪಾಲು ಬೇಕು. ಕವಾಟಕ್ಕೆ ಉಳಿಯುವುದು ಇಪ್ಪತ್ತೇ. ಆದ್ದರಿಂದ ಒಂದೇ ಎಂಜಿನ್ನಿನಲ್ಲಿ ಒತ್ತಡದ ಮಿತಿ ತಗ್ಗಿದಷ್ಟೂ ಕವಾಟ ಹಿರಿದಾಗಬೇಕು. ಹಾಗೆಯೇ ದೊಡ್ಡ ಎಂಜಿನ್ನಿಗೆ ಚಿಕ್ಕ ಟರ್ಬೈನ್ ಜೋಡಿಸಿದರೆ ಹಿರಿಯ ಕವಾಟ ಬೇಕು. ದೊಡ್ಡ ಟರ್ಬೈನಿಗೆ ಕಿರಿದು ಸಾಕು.

ಕವಾಟ ಕಿರಿದಾದರೆ, ಅದು ಪೂರ್ತಿ ತೆರೆದಿದ್ದರೂ ವೇಗದೊಡನೆ ಒತ್ತಡ ಮೆಲ್ಲಮೆಲ್ಲನೆ ಮಿತಿಯನ್ನು ದಾಟುತ್ತದೆ. ಅತಿ ಹಿರಿದಾದರೆ ಕೊಂಚ ತೆರೆದರೂ ಬಹಳ ಅನಿಲ ನುಗ್ಗಿ ಒತ್ತಡ ಏರಿಳಿಯುತ್ತದೆ. ಅಳತೆ ಸರಿಯಿದ್ದರೂ ಸಾಲದು. ಅನಿಲವು ಹರಿಯುವ ದಿಕ್ಕಿಗೆ ಎದುರಾಗಿ ತಿರುಗಿದ ಕೊಳವೆಯಲ್ಲಿ ಕವಾಟವಿಟ್ಟರೆ ಅನಿಲ ಅತ್ತ ಸುಳಿಯುವುದು ಕಷ್ಟ.

1962ರಲ್ಲಿ ಅಮೆರಿಕದಲ್ಲಿ ಟರ್ಬೋ ಅಳವಡಿಸಿದ ಎರಡು ಕಾರುಗಳು ಬಂದವು. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ ವೇಸ್ಟ್‌ಗೇಟ್ ಇತ್ತು. ಷೆವ್ರೊಲೆ ಕಾರ್ವೇರ್‌ನಲ್ಲಿ ಅದಿರಲಿಲ್ಲ. ಹೊಗೆಯ ಮಾರ್ಗವನ್ನೇ ಇಕ್ಕಟ್ಟಾಗಿಸಿ ಒತ್ತಡವನ್ನು ಹಿಡಿದಿಟ್ಟಿದ್ದರು. 1977ರಲ್ಲಿ ಸ್ವೀಡನ್ನಿನ ಸಾಬ್ ಕಂಪನಿಯು ಚಿಕ್ಕ ಟರ್ಬೈನಿಗೆ ವೇಸ್ಟ್‌ಗೇಟನ್ನು ಜೋಡಿಸಿ, ಕಡಿಮೆ ವೇಗದಲ್ಲಿಯೂ ಕಾರು ಚುರುಕಾಗಿ ಎಳೆಯುವಂತೆ ಮಾಡಿತು. ಬಿಟ್ಟುಕೊಡುವ ದಾರಿ ಸರಿಯಾಗಿದ್ದುದರಿಂದಲೇ ಚಿಕ್ಕ ಚಕ್ರವನ್ನು ನಂಬಲು ಸಾಧ್ಯವಾಯಿತು.

ಬಲವನ್ನು ಕೂಡಿಸುವುದು ಒಂದು ವಿದ್ಯೆ. ಮಿಕ್ಕದ್ದನ್ನು ಬಿಟ್ಟುಕೊಡುವುದು ಇನ್ನೊಂದು. ಎರಡನೆಯದನ್ನು ಅಳೆಯದೆ ಮೊದಲನೆಯದನ್ನು ಆರಂಭಿಸಿದ ಯಂತ್ರವು ಬಹಳ ಕಾಲ ಬಾಳದು.